3.6 ವೋಲ್ಟಿನ ಪುಟ್ಟ ಸ್ಕ್ರೂಡ್ರೈವರ್: ಗಟ್ಟಿ ಮರದಲ್ಲಿ ನಿಲ್ಲುವುದೇಕೆ, ಕಬೋರ್ಡಿನಲ್ಲಿ ಗಿರಗಿರ ತಿರುಗುವುದೇಕೆ?

ಪ್ರಶ್ನೆ: ಮೈಸೂರಿನ ಲಕ್ಷ್ಮೀಪುರಂನಲ್ಲಿ ನಮ್ಮದು ಹಳೇ ಮನೆ. ಬಾಗಿಲು, ಕಿಟಕಿ ಎಲ್ಲ ಹೊನ್ನೆ ಮತ್ತು ತೇಗ. ಚಾರ್ಜ್ ಮಾಡಿ ಬಳಸುವ 3.6 ವೋಲ್ಟಿನ ಚಿಕ್ಕ ಸ್ಕ್ರೂಡ್ರೈವರ್ ತಂದೆವು. ಡಬ್ಬದ ಮೇಲೆ 5 ನ್ಯೂಟನ್ ಮೀಟರ್ ಎಂದಿದೆ. ಬಚ್ಚಲುಮನೆ ಬಾಗಿಲ ಹಿಂಜ್‌ಗೆ ಒಂದೂವರೆ ಇಂಚಿನ ಸ್ಕ್ರೂ ಹಾಕಲು ಹೋದರೆ ಅರ್ಧಕ್ಕೇ ನಿಲ್ಲುತ್ತದೆ. ಎರಡು ಸ್ಕ್ರೂಗಳ ತಲೆಯೇ ಸವೆದುಹೋಯಿತು. ಅಡುಗೆಮನೆ ಕಬೋರ್ಡಿನಲ್ಲಿ ಇದರ ಉಲ್ಟಾ: ಸ್ಕ್ರೂ ತಿರುಗುತ್ತಲೇ ಇರುತ್ತದೆ, ಹಿಡಿಯುವುದೇ ಇಲ್ಲ. ಇದನ್ನು ವಾಪಸ್ ಕೊಟ್ಟು 12 ವೋಲ್ಟಿನ ಡ್ರಿಲ್ ತರುವುದೇ ಒಳ್ಳೆಯದೇ? ಸ್ವಿಚ್ ಬೋರ್ಡಿಗೆ, ಪರದೆ ರಾಡಿಗೆ ಇದನ್ನು ಬಳಸಬಹುದೇ?

ಉತ್ತರ: ವಾಪಸ್ ಕೊಡಬೇಡಿ. ನೀವು ಹೇಳಿದ ಎರಡೂ ತೊಂದರೆಗಳಿಗೆ ಕಾರಣ ಯಂತ್ರವಲ್ಲ, ಸ್ಕ್ರೂ ಇಳಿಯುವ ತೂತು. ಹೊನ್ನೆಯಲ್ಲಿ ತೂತೇ ಇಲ್ಲ, ಕಬೋರ್ಡಿನಲ್ಲಿ ತೂತು ಅಗಲವಾಗಿದೆ. 12 ವೋಲ್ಟಿನದು ತಂದರೆ ಹೊನ್ನೆಯಲ್ಲಿ ಸ್ಕ್ರೂ ನಿಲ್ಲುವ ಬದಲು ಕತ್ತು ಮುರಿದುಕೊಳ್ಳುತ್ತದೆ, ಕಬೋರ್ಡಿನ ತೂತು ಇನ್ನೂ ಬೇಗ ಹಾಳಾಗುತ್ತದೆ.

ಮೊದಲು ಆ 5 ನ್ಯೂಟನ್ ಮೀಟರ್ ಅಂದರೆ ಎಷ್ಟು ಎಂದು ನೋಡಿ. ಹತ್ತು ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 5 ಕೆಜಿ ತೂಕ ನೇತುಹಾಕಿದರೆ ಎಷ್ಟು ತಿರುಚುವ ಬಲ ಬರುತ್ತದೋ ಅಷ್ಟು. ದಪ್ಪ ಹಿಡಿಯ ಸ್ಕ್ರೂಡ್ರೈವರನ್ನು ಕೈಯಿಂದ ಬಿಗಿಯಾಗಿ ತಿರುಗಿಸಿದಾಗ ಬರುವ ಬಲವೂ ಹೆಚ್ಚುಕಡಿಮೆ ಅದೇ ಮಟ್ಟದ್ದು. ಅಂದರೆ ಈ ಯಂತ್ರ ನಿಮ್ಮ ಕೈಗಿಂತ ಬಲಶಾಲಿಯಲ್ಲ, ವೇಗ ಮಾತ್ರ ಹೆಚ್ಚು. ನಿಮಿಷಕ್ಕೆ 200ರಿಂದ 360 ಸುತ್ತು ತಿರುಗುತ್ತದೆ, ಮಣಿಕಟ್ಟಿನ ನೋವು ಉಳಿಸುತ್ತದೆ. ಕೈಯಿಂದ ಆಗದ ಸ್ಕ್ರೂ ಇದರಿಂದಲೂ ಆಗುವುದಿಲ್ಲ ಎಂದುಕೊಂಡೇ ಕೆಲಸಕ್ಕೆ ಇಳಿದರೆ ಯಾವುದೂ ಕೆಡುವುದಿಲ್ಲ. ಶುರುವಿನ ಎರಡು ಸುತ್ತು ಕೈಯಲ್ಲಿ, ನಡುವಿನ ಉದ್ದ ಯಂತ್ರದಲ್ಲಿ, ಕೊನೆಯ ಅರ್ಧ ಸುತ್ತು ಮತ್ತೆ ಕೈಯಲ್ಲಿ. ಹಲವು ಮಾದರಿಗಳಲ್ಲಿ ಮೋಟರ್ ನಿಂತಾಗ ಒಳಗಿನ ಗೇರು ತಾನಾಗಿ ಲಾಕ್ ಆಗುತ್ತದೆ. ಆಗ ಯಂತ್ರವನ್ನೇ ಹಿಡಿದು ಮಾಮೂಲಿ ಸ್ಕ್ರೂಡ್ರೈವರ್ ಥರ ತಿರುಗಿಸಿ ಕೊನೆಯ ಬಿಗಿ ಕೊಡಬಹುದು. ನಿಮ್ಮದರಲ್ಲಿ ಇದು ಇದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಹೊನ್ನೆ ಬಾಗಿಲಿಗೆ ಸ್ಕ್ರೂ

ಹಳೆಯ ಹೊನ್ನೆ ವರ್ಷಗಟ್ಟಲೆ ಒಣಗಿ ಕಲ್ಲಾಗಿರುತ್ತದೆ. ತೂತು ಕೊರೆಯದೆ 8 ನಂಬರಿನ ಸ್ಕ್ರೂ ಇಳಿಸಿದರೆ ಸ್ಕ್ರೂ ತನ್ನ ಇಡೀ ಮೈಗೆ ಜಾಗವನ್ನು ತಾನೇ ಮಾಡಿಕೊಳ್ಳಬೇಕು. ಅರ್ಧ ಇಳಿಯುವಷ್ಟರಲ್ಲಿ ತಿಕ್ಕಾಟ 5 ನ್ಯೂಟನ್ ಮೀಟರ್ ದಾಟುತ್ತದೆ, ಮೋಟರ್ ನಿಲ್ಲುತ್ತದೆ. ನಿಂತ ಮೇಲೂ ಸ್ವಿಚ್ ಒತ್ತಿಯೇ ಹಿಡಿದರೆ ಮೋಟರಿನ ಸುರುಳಿಗೆ ಹೆಚ್ಚು ಕರೆಂಟ್ ಹರಿದು ಬಿಸಿಯಾಗುತ್ತದೆ. ಸುಟ್ಟ ವಾಸನೆ ಬರುವುದು ಇದರಿಂದಲೇ. ಎಷ್ಟೋ ಸಲ ಬ್ಯಾಟರಿಯ ರಕ್ಷಣಾ ಸರ್ಕ್ಯೂಟ್ ಆಫ್ ಆಗಿ, ಯಂತ್ರ ಸತ್ತೇಹೋಯಿತೇನೋ ಅನ್ನಿಸುತ್ತದೆ. ಹತ್ತು ನಿಮಿಷ ತಣ್ಣಗಾಗಲು ಬಿಟ್ಟು ಚಾರ್ಜರಿಗೆ ಹಾಕಿದರೆ ಸಾಮಾನ್ಯವಾಗಿ ಮತ್ತೆ ಓಡುತ್ತದೆ.

8 ನಂಬರ್ ಸ್ಕ್ರೂವಿನ ದಪ್ಪ ಸುಮಾರು 4.2 ಮಿ.ಮೀ. ಹೊನ್ನೆ, ತೇಗ, ಹಲಸು ಮುಂತಾದ ಗಟ್ಟಿ ಮರಕ್ಕೆ 3 ಮಿ.ಮೀ. ತೂತು, ಮೆದು ಮರಕ್ಕೆ 2.5 ಮಿ.ಮೀ. ಸಾಕು. 6 ನಂಬರ್ (3.5 ಮಿ.ಮೀ.) ಆದರೆ ಗಟ್ಟಿ ಮರಕ್ಕೆ 2.5, ಮೆದುವಿಗೆ 2. ಒಂದೂವರೆ ಇಂಚು ಅಂದರೆ 38 ಮಿ.ಮೀ.; ಹಿಂಜಿನ ತಗಡಿನ ದಪ್ಪ ಕಳೆದು, ತುದಿಗೆ ಎರಡು ಮೂರು ಮಿಲಿಮೀಟರ್ ಮರ ಬಿಟ್ಟು, ಸುಮಾರು 33 ಮಿ.ಮೀ. ಆಳ ಕೊರೆಯಿರಿ. ಡ್ರಿಲ್ ಬಿಟ್‌ಗೆ ಆ ಅಳತೆಯಲ್ಲಿ ಇನ್ಸುಲೇಷನ್ ಟೇಪ್ ಸುತ್ತಿಕೊಂಡರೆ ಆಳ ತಪ್ಪುವುದಿಲ್ಲ.

ಈ ತೂತನ್ನು ನಿಮ್ಮ ಪುಟ್ಟ ಯಂತ್ರದಲ್ಲೇ ಕೊರೆಯಬಹುದು. ಬುಡ ಆರು ಮೂಲೆಯದಿರುವ, ಯಂತ್ರದ ಕಾಲು ಇಂಚಿನ ಮೂತಿಗೆ ಕೂರುವ ಮರದ ಡ್ರಿಲ್ ಬಿಟ್ ಸಿಗುತ್ತದೆ. ವೇಗ ಕಡಿಮೆ ಇರುವುದರಿಂದ ನಿಧಾನವಾಗುತ್ತದೆ. ಪ್ರತಿ ಐದಾರು ಮಿಲಿಮೀಟರ್‌ಗೆ ಒಮ್ಮೆ ಹೊರಗೆಳೆದು ಹೊಟ್ಟು ಉದುರಿಸಿ, ಇಲ್ಲದಿದ್ದರೆ ಹೊಟ್ಟು ಬಿಗಿದು ಬಿಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿ ಹಳೇ ಬೈರಿಗೆ ಇದ್ದರೆ ಅದೇ ಇನ್ನೂ ಒಳ್ಳೆಯದು.

ಆಮೇಲೆ ಸ್ಕ್ರೂವಿನ ಸುತ್ತುಗಳಿಗೆ ಮೇಣದಬತ್ತಿ ಉಜ್ಜಿ. ಇದನ್ನು ತಪ್ಪಿಸಬೇಡಿ: ನಿಲ್ಲುತ್ತಿದ್ದ ಸ್ಕ್ರೂ ಸಲೀಸಾಗಿ ಇಳಿಯುವುದನ್ನು ನೀವೇ ನೋಡುತ್ತೀರಿ. ಕೆಲವರು ಸೋಪು ಉಜ್ಜುತ್ತಾರೆ. ಸೋಪು ತೇವ ಹೀರುತ್ತದೆ, ಬಚ್ಚಲುಮನೆ ಬಾಗಿಲಲ್ಲಿ ಒಳಗೊಳಗೇ ತುಕ್ಕಿಗೆ ದಾರಿ.

ಹಳೇ ಮನೆ ಎಂದಿರಿ, ಹಿಂಜ್ ಹಿತ್ತಾಳೆಯದಾಗಿರಬಹುದು. ಹಾಗಿದ್ದರೆ ಸ್ಕ್ರೂವೂ ಹಿತ್ತಾಳೆಯದೇ ಹಾಕಿ, ಅಥವಾ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಮಾಮೂಲಿ ಕಬ್ಬಿಣದ ಸ್ಕ್ರೂ ನೀರು ಬೀಳುವ ಜಾಗದಲ್ಲಿ ಹಿತ್ತಾಳೆಗೆ ತಾಗಿಕೊಂಡಿದ್ದರೆ ಬೇಗ ತುಕ್ಕು ಹಿಡಿಯುತ್ತದೆ. ಆದರೆ ಹಿತ್ತಾಳೆ ಮೆದು. ಗಟ್ಟಿ ಮರಕ್ಕೆ ನೇರವಾಗಿ ಹಾಕಿದರೆ ತಲೆ ಕಿತ್ತು ಕೈಗೆ ಬರುತ್ತದೆ, ಮೈ ಮರದೊಳಗೇ ಉಳಿಯುತ್ತದೆ. ಅದಕ್ಕೇ ಒಳ್ಳೆಯ ಕಾರ್ಪೆಂಟರುಗಳು ಮೊದಲು ಅದೇ ನಂಬರಿನ, ಅದೇ ಉದ್ದದ ಸ್ಟೀಲ್ ಸ್ಕ್ರೂ ಒಂದನ್ನು ಪೂರ್ತಿ ಇಳಿಸಿ, ತಿರುಗಿಸಿ ತೆಗೆದು, ಅದು ಮಾಡಿದ ದಾರಿಯಲ್ಲಿ ಹಿತ್ತಾಳೆಯದನ್ನು ಕೈಯಿಂದ ಹಾಕುತ್ತಾರೆ. ಸ್ಟೀಲ್ ಸ್ಕ್ರೂ ಇಳಿಸಿ ತೆಗೆಯುವ ಕೆಲಸಕ್ಕೆ ನಿಮ್ಮ ಯಂತ್ರ ಹೇಳಿ ಮಾಡಿಸಿದಂತಿದೆ.

ಬಾಗಿಲು ನೇತಾಡುತ್ತಿರುವಾಗಲೇ ಎಲ್ಲ ಸ್ಕ್ರೂ ಬಿಚ್ಚಬೇಡಿ. ಕದದ ಕೆಳಗೆ ಮರದ ಬೆಣೆ ಕೊಟ್ಟು ಭಾರ ಇಳಿಸಿ, ಒಂದು ಬಿಚ್ಚಿ ಒಂದು ಹಾಕುತ್ತ ಬನ್ನಿ.

ತಲೆ ಸವೆದದ್ದು ಯಾಕೆ

ನಮ್ಮಲ್ಲಿ ಎಲ್ಲಕ್ಕೂ 'ಸ್ಟಾರ್' ಎಂದೇ ಹೇಳುತ್ತೇವೆ. ಆದರೆ ಆ ಸ್ಟಾರಿನಲ್ಲಿ ಎರಡು ಜಾತಿ ಇವೆ. ಒಂದು ಫಿಲಿಪ್ಸ್, ಅದರ ಬಿಟ್ (ಯಂತ್ರದ ಮೂತಿಗೆ ಸಿಕ್ಕಿಸುವ ತುದಿ) ಮೇಲೆ ಪಿಎಚ್ ಎಂದಿರುತ್ತದೆ. ಇನ್ನೊಂದು ಪೋಜಿಡ್ರೈವ್, ಪಿಜ಼ೆಡ್ ಎಂದಿರುತ್ತದೆ. ಪೋಜಿಡ್ರೈವ್ ಸ್ಕ್ರೂವಿನ ತಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಪ್ಲಸ್ ಗುರುತಿನ ನಾಲ್ಕು ಕೈಗಳ ನಡುವೆ ಇನ್ನೂ ನಾಲ್ಕು ಸಣ್ಣ ಗೆರೆಗಳು ಕಾಣುತ್ತವೆ. ಮಾಡ್ಯುಲರ್ ಕಬೋರ್ಡ್, ಕಂಪನಿ ಹಿಂಜ್‌ಗಳ ಜೊತೆ ಬರುವ ಸ್ಕ್ರೂ ಹೆಚ್ಚಾಗಿ ಪಿಜ಼ೆಡ್ 2. ಅಂಗಡಿಯಲ್ಲಿ ಬಿಡಿಯಾಗಿ ಸಿಗುವುದು ಹೆಚ್ಚಾಗಿ ಪಿಎಚ್ 2. ಒಂದಕ್ಕೆ ಇನ್ನೊಂದರ ಬಿಟ್ ಹಾಕಿದರೆ ಕೂತಂತೆ ಅನ್ನಿಸುತ್ತದೆ, ಬಲ ಬಿದ್ದೊಡನೆ ಜಾರಿ ತಲೆಯನ್ನು ತಿನ್ನುತ್ತದೆ.

ಸರಿಯಾದ ಬಿಟ್ ಗೊತ್ತುಮಾಡುವುದು ಸುಲಭ. ಬಿಟ್ಟಿನ ತುದಿಗೆ ಸ್ಕ್ರೂ ಸಿಕ್ಕಿಸಿ, ಅದನ್ನು ಬೆರಳಲ್ಲಿ ಅಲ್ಲಾಡಿಸಿ. ಅತ್ತಿತ್ತ ಆಡಿದರೆ ಬಿಟ್ ತಪ್ಪು, ಅಥವಾ ಸವೆದಿದೆ. ಸವೆದ ಬಿಟ್ಟಿನ ಅಂಚುಗಳು ದುಂಡಗಾಗಿ ಹೊಳೆಯುತ್ತಿರುತ್ತವೆ. ಅದನ್ನು ಎಸೆದುಬಿಡಿ, ಒಂದು ಬಿಟ್ ಉಳಿಸಲು ಹೋಗಿ ಹತ್ತು ಸ್ಕ್ರೂ ಕೆಡುತ್ತವೆ.

ಇನ್ನೊಂದು ಕಾರಣ ಒತ್ತುವ ರೀತಿ. ಗಟ್ಟಿ ಮರದಲ್ಲಿ ತಿರುಗಿಸುವುದಕ್ಕಿಂತ ಒತ್ತುವುದೇ ಮುಖ್ಯ. ಯಂತ್ರ, ಬಿಟ್, ಸ್ಕ್ರೂ ಮೂರೂ ಒಂದೇ ಗೆರೆಯಲ್ಲಿರಬೇಕು. ಹಿಂದಿನಿಂದ ಅಂಗೈಯ ಬುಡದಲ್ಲಿ ನೇರ ಒತ್ತಿ. ಪಿಸ್ತೂಲಿನಾಕಾರದ ಯಂತ್ರವಾದರೆ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಅಂಗೈಯನ್ನು ಯಂತ್ರದ ಬೆನ್ನಿಗೆ ಕೊಡಿ. ಒತ್ತಿದ ಕೂಡಲೇ ತಾನೇ ತಿರುಗಲು ಶುರುಮಾಡುವ ಮಾದರಿಗಳೂ ಇವೆ. ಅವುಗಳಲ್ಲಿ ಬಿಟ್ ಸ್ಕ್ರೂವಿನೊಳಗೆ ಕೂರುವ ಮೊದಲೇ ಮೋಟರ್ ತಿರುಗದಂತೆ ಲಾಕ್ ಹಾಕಿಟ್ಟುಕೊಂಡು, ಬಿಟ್ ಕೂತ ಮೇಲೆ ಲಾಕ್ ತೆಗೆಯಿರಿ.

ಈಗಾಗಲೇ ಸವೆದ ಆ ಎರಡು ಸ್ಕ್ರೂ ತೆಗೆಯಲು: ಹಳೇ ಸೈಕಲ್ ಟ್ಯೂಬಿನ ತೆಳು ತುಂಡನ್ನು ತಲೆಯ ಮೇಲಿಟ್ಟು, ಅದರ ಮೇಲೆ ಹೊಸ ಪಿಎಚ್ 2 ಬಿಟ್ ಒತ್ತಿ, ಕೈಯಿಂದ ನಿಧಾನ ಎಡಕ್ಕೆ ತಿರುಗಿಸಿ. ಆಗದಿದ್ದರೆ, ತಲೆ ಹೊರಗೇ ಇರುವುದರಿಂದ, ಹ್ಯಾಕ್ಸಾ ಬ್ಲೇಡಿನಿಂದ ಅಡ್ಡ ಗೀರಿ ಮೈನಸ್ ಸ್ಕ್ರೂಡ್ರೈವರ್ ಹಾಕಿ, ಇಲ್ಲವೇ ಕಟಿಂಗ್ ಪ್ಲೇಯರಿನಲ್ಲಿ ಕಚ್ಚಿ ಹಿಡಿದು ತಿರುಗಿಸಿ.

ಹಳೇ ಬಾಗಿಲುಗಳ ಮೈನಸ್ ಸ್ಕ್ರೂಗಳಿಗೆ ಮಾತ್ರ ಯಂತ್ರ ಹಾಕಲೇಬೇಡಿ. ಬಿಟ್ ಪಕ್ಕಕ್ಕೆ ಜಾರಿ ತೇಗದ ಮೇಲೆ ಗೀರು ಬೀಳುತ್ತದೆ, ಆ ಗೀರು ಪಾಲಿಶ್‌ನಲ್ಲೂ ಹೋಗುವುದಿಲ್ಲ. ಸೀಳಿನಲ್ಲಿ ತುಂಬಿರುವ ಹಳೇ ಪೇಂಟನ್ನು ಬ್ಲೇಡಿನಿಂದ ಕೆರೆದು, ಸೀಳಿನಷ್ಟೇ ಅಗಲದ ಸ್ಕ್ರೂಡ್ರೈವರ್ ಇಟ್ಟು, ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಿ. ಬಿಗಿ ಮಾಡುವಾಗ ತುಕ್ಕಿನ ಹಿಡಿತ ಒಡೆಯುತ್ತದೆ. ತುಕ್ಕು ಜಾಸ್ತಿ ಇದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಕಾಯಿರಿ. ಕೊಬ್ಬರಿ ಎಣ್ಣೆ ಈ ಕೆಲಸಕ್ಕೆ ಬರುವುದಿಲ್ಲ. ಒಳಗೆ ಇಳಿಯದೆ ಮೇಲೇ ನಿಂತು ಧೂಳು ಹಿಡಿಯುತ್ತದೆ.

ಹಿಡಿಯದ ಕಬೋರ್ಡ್ ಸ್ಕ್ರೂ

ನಿಮ್ಮ ಕಬೋರ್ಡ್ ಪಾರ್ಟಿಕಲ್ ಬೋರ್ಡಿನದಿರಬೇಕು. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರಿಗೆ ಅಂಟು ಸೇರಿಸಿ ಒತ್ತಿದ ಹಲಗೆ. ಅದರಲ್ಲಿ ನಾರಿಲ್ಲ. ಸ್ಕ್ರೂ ತಲೆ ಹಿಂಜಿಗೆ ತಾಗಿದ ಮೇಲೂ ಯಂತ್ರ ತಿರುಗಿದರೆ ಒಳಗೆ ಕಟ್ಟಿದ ಸುತ್ತುಗಳು ಪುಡಿಯಾಗುತ್ತವೆ. ಮುಕ್ಕಾಲು ಇಂಚಿಗಿಂತ ಚಿಕ್ಕ ಸ್ಕ್ರೂವಿಗೆ ಅದಕ್ಕೆ ಅರ್ಧ ಸೆಕೆಂಡೂ ಬೇಡ. ನಿಮ್ಮ ಯಂತ್ರದ ಮುಂಭಾಗದಲ್ಲಿ ಅಂಕಿಗಳಿರುವ ಉಂಗುರ ಇದ್ದರೆ ಅದು ಕ್ಲಚ್; ಬಲ ಮಿತಿ ಮೀರಿದರೆ ಕಟಕಟ ಸದ್ದು ಮಾಡಿ ಬಿಟ್ ತಿರುಗುವುದನ್ನು ನಿಲ್ಲಿಸುತ್ತದೆ. ಪಾರ್ಟಿಕಲ್ ಬೋರ್ಡಿಗೆ, ಪ್ಲಾಸ್ಟಿಕ್ಕಿಗೆ 1ರಿಂದ ಶುರುಮಾಡಿ, ಸ್ಕ್ರೂ ಪೂರ್ತಿ ಕೂರದಿದ್ದರೆ ಮಾತ್ರ ಒಂದೊಂದೇ ಏರಿಸಿ. ಉಂಗುರ ಇಲ್ಲದಿದ್ದರೆ ತಲೆ ತಾಗಲು ಎರಡು ಮಿಲಿಮೀಟರ್ ಇರುವಾಗಲೇ ಬೆರಳು ತೆಗೆದು ಕೈಯಿಂದ ಮುಗಿಸಿ.

ಕೆಟ್ಟ ತೂತಿಗೆ ಮದ್ದು ಮೈಸೂರಿನ ಪ್ರತಿ ಮನೆಯ ದೇವರ ಕೋಣೆಯಲ್ಲೂ ಇದೆ: ಉರಿದು ಉಳಿದ ಅಗರಬತ್ತಿಯ ಬಿದಿರು ಕಡ್ಡಿ. ಮಸಾಲೆ ಹತ್ತದ ಬುಡದ ಭಾಗವನ್ನೇ ತೆಗೆದುಕೊಳ್ಳಿ. ಬಣ್ಣ ಹಾಕಿದ್ದರೂ ಪರವಾಗಿಲ್ಲ, ಸುಟ್ಟ ತುದಿ ಬೇಡ. ತೂತಿನೊಳಗಿನ ಪುಡಿಯನ್ನು ಊದಿ ತೆಗೆಯಿರಿ. ಕಡ್ಡಿಗಳಿಗೆ ಫೆವಿಕಾಲ್ ಬಳಿದು, ಎರಡು ಮೂರು ಒಟ್ಟಿಗೆ ಸೇರಿಸಿ, ಇನ್ನು ಹೋಗದು ಎನ್ನುವಷ್ಟು ಬಿಗಿಯಾಗಿ ತುರುಕಿ. ಹೊರಗೆ ಉಳಿದದ್ದನ್ನು ಬ್ಲೇಡಿನಲ್ಲಿ ಸಮವಾಗಿ ಕತ್ತರಿಸಿ 24 ಗಂಟೆ ಬಿಡಿ. ಮಳೆಗಾಲವಾದರೆ ಇನ್ನೊಂದು ದಿನ. ಆಮೇಲೆ ನಡುವೆ 2 ಮಿ.ಮೀ. ತೂತು ಕೊರೆದು ಸ್ಕ್ರೂ ಹಾಕಿ. ಸಿಂಕಿನ ಕೆಳಗೆ ನೀರು ಕುಡಿದು ಉಬ್ಬಿದ ಹಲಗೆಗೆ ಈ ಉಪಾಯ ನಿಲ್ಲುವುದಿಲ್ಲ. ಅಲ್ಲಿ ಹಿಂಜಿನ ಜಾಗವನ್ನೂ ಸುತ್ತಲಿನ ಗಟ್ಟಿ ಹಲಗೆಯನ್ನೂ ಸೇರಿಸಿ ಹಿಡಿಯುವ ಅಗಲದ ಸ್ಟೀಲ್ ಪ್ಲೇಟ್ ಕೂರಿಸಬೇಕು.

ಒಮ್ಮೆ ಸ್ಕ್ರೂ ಇದ್ದ ತೂತಿಗೇ ಮತ್ತೆ ಹಾಕುವಾಗ ನೇರ ಬಲಕ್ಕೆ ತಿರುಗಿಸಬೇಡಿ. ಸ್ಕ್ರೂವನ್ನು ತೂತಿನ ಬಾಯಿಗೆ ಇಟ್ಟು ಮೆಲ್ಲಗೆ ಎಡಕ್ಕೆ ತಿರುಗಿಸಿ. ಒಂದು ಕಡೆ ಟಕ್ ಎಂದು ಸ್ವಲ್ಪ ಕೆಳಗೆ ಬಿದ್ದ ಹಾಗೆ ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಹಳೆಯ ಸುತ್ತಿನಲ್ಲೇ ಇಳಿಯುತ್ತದೆ, ಹೊಸ ಸುತ್ತು ಕೊರೆಯುವುದಿಲ್ಲ. ಮಿಕ್ಸಿಯ ತಳ, ಆಟಿಕೆಯ ಬ್ಯಾಟರಿ ಮುಚ್ಚಳ, ಟಿವಿ ರಿಮೋಟ್ ಎಲ್ಲಕ್ಕೂ ಇದೇ ಕ್ರಮ. ಈ ಪ್ಲಾಸ್ಟಿಕ್ ವಸ್ತುಗಳನ್ನು ಬಿಚ್ಚಲು ಯಂತ್ರ ಸರಿ, ಮುಚ್ಚುವುದು ಮಾತ್ರ ಕೈಯಲ್ಲೇ ಆಗಲಿ. ಕಬೋರ್ಡ್ ಹಿಂಜಿನಲ್ಲಿ ಬಾಗಿಲನ್ನು ಎಡ-ಬಲ, ಹಿಂದೆ-ಮುಂದೆ ಸರಿಪಡಿಸುವ ಸ್ಕ್ರೂಗಳಿಗೂ ಕೈಯೇ ಬೇಕು. ಅಲ್ಲಿ ಕಾಲು ಸುತ್ತಿಗೂ ಲೆಕ್ಕವಿದೆ.

ಸ್ವಿಚ್ ಬೋರ್ಡ್

ಬಳಸಬಹುದು, ಆದರೆ ಕರೆಂಟ್ ಪೂರ್ತಿ ತೆಗೆದ ಮೇಲೆ. ಈ ಯಂತ್ರದ ಹಿಡಿ ಪ್ಲಾಸ್ಟಿಕ್ ಆದರೂ ಬಿಟ್, ಬಿಟ್ ಹಿಡಿಯುವ ಮೂತಿ ಲೋಹದ್ದು. ಎಲೆಕ್ಟ್ರಿಷಿಯನ್ನರ ಇನ್ಸುಲೇಟೆಡ್ ಸ್ಕ್ರೂಡ್ರೈವರಿಗೆ ಇರುವ ರಕ್ಷಣೆ ಇದಕ್ಕಿಲ್ಲ.

ನಮ್ಮ ಮನೆಗಳಲ್ಲಿ ಎಲ್ಲರೂ ಮರೆಯುವುದು ಯುಪಿಎಸ್. ಮೇನ್ ಎಂಸಿಬಿ ಕೆಳಗಿಳಿಸಿದ ಕೂಡಲೇ ಯುಪಿಎಸ್, ಕರೆಂಟ್ ಹೋಯಿತೆಂದುಕೊಂಡು ತನ್ನ ಲೈನಿಗೆ 230 ವೋಲ್ಟ್ ಕೊಡಲು ಶುರುಮಾಡುತ್ತದೆ. ಒಂದೇ ಬೋರ್ಡಿನಲ್ಲಿ ಫ್ಯಾನ್-ಲೈಟಿನ ಸ್ವಿಚ್ ಯುಪಿಎಸ್‌ನದು, ಪಕ್ಕದ ಪ್ಲಗ್ ಪಾಯಿಂಟ್ ಮೇನ್‌ನದು ಇರುವುದು ಸಾಮಾನ್ಯ. ಮೇನ್ ಆಫ್ ಮಾಡಿ, ಯುಪಿಎಸ್ ಮುಂಭಾಗದ ಸ್ವಿಚ್ಚನ್ನೂ ಆಫ್ ಮಾಡಿ. ಯುಪಿಎಸ್‌ಗೆ ಬೈಪಾಸ್ ಸ್ವಿಚ್ (ಮೇನ್ ಕರೆಂಟನ್ನು ನೇರವಾಗಿ ಯುಪಿಎಸ್ ಲೈನಿಗೆ ಹಾಯಿಸುವಂಥದ್ದು) ಇದ್ದರೆ ಅದರ ಮೇಲೂ ಕಣ್ಣಿಡಿ. ಕರೆಂಟ್ ತೆಗೆಯುವ ಮೊದಲು ಟೆಸ್ಟರನ್ನು ಚಾಲೂ ಇರುವ ಪ್ಲಗ್ಗಿನಲ್ಲಿಟ್ಟು ಅದು ಉರಿಯುತ್ತದೆಯೇ ಎಂದು ನೋಡಿಕೊಳ್ಳಿ, ತೆಗೆದ ಮೇಲೆ ಬೋರ್ಡಿನ ಪ್ರತಿ ಪಾಯಿಂಟಿಗೂ ಹಿಡಿಯಿರಿ. ಕೆಟ್ಟ ಟೆಸ್ಟರ್ ಉರಿಯದಿದ್ದರೆ ಅದನ್ನೇ ನಂಬಿ ಕೈ ಹಾಕುವ ಅಪಾಯ ಇದರಿಂದ ತಪ್ಪುತ್ತದೆ.

ಪ್ಲೇಟಿನ ಉದ್ದ ಸ್ಕ್ರೂ ಬಿಚ್ಚಲು ಯಂತ್ರ ತುಂಬ ಅನುಕೂಲ. ವಾಪಸ್ ಹಾಕುವಾಗ ಮೊದಲ ಮೂರು ನಾಲ್ಕು ಸುತ್ತು ಕೈಯಲ್ಲಿ; ಓರೆಯಾಗಿ ಹಿಡಿದರೆ ಗೋಡೆಯೊಳಗಿನ ಡಬ್ಬದ ತಿರುಪಿನ ದಾರಿ ಹಾಳಾಗಿ, ಇಡೀ ಡಬ್ಬ ಬದಲಿಸುವ ಕೆಲಸ ಬರುತ್ತದೆ. ವೈರ್ ಹಿಡಿಯುವ ಸಣ್ಣ ಸ್ಕ್ರೂಗಳಿಗೆ ಯಂತ್ರ ಬೇಡ. ಸಡಿಲ ಬಿಟ್ಟರೆ ವೈರ್ ಬಿಸಿಯಾಗುತ್ತದೆ, ಅತಿಯಾದರೆ ವೈರಿನ ಎಳೆ ತುಂಡಾಗುತ್ತದೆ. ಅದನ್ನು ಅಳೆಯುವುದು ಕೈ ಮಾತ್ರ.

ಪರದೆ ರಾಡ್ ಮತ್ತು ಗೋಡೆ

ಗೋಡೆ ಕೊರೆಯುವುದು ಇದರಿಂದ ಸಾಧ್ಯವೇ ಇಲ್ಲ. ಇಟ್ಟಿಗೆ, ಕಾಂಕ್ರೀಟಿಗೆ ತಿರುಗುವುದರ ಜೊತೆಗೆ ಬಡಿತವೂ ಬೇಕು, ಅದಕ್ಕೆ ಹ್ಯಾಮರ್ ಡ್ರಿಲ್. ಬಡಿತವಿಲ್ಲದ 12 ವೋಲ್ಟಿನ ಡ್ರಿಲ್ ತಂದಿದ್ದರೂ ಇಲ್ಲಿ ನಿಲ್ಲುತ್ತಿದ್ದಿರಿ. ಪರದೆ ರಾಡಿಗೆ ವರ್ಷಕ್ಕೊಮ್ಮೆ ಬೇಕಾಗುವ ಯಂತ್ರವನ್ನು ಕೊಳ್ಳುವ ಬದಲು ಎಲೆಕ್ಟ್ರಿಷಿಯನ್ನರಿಂದ ತೂತು ಮಾತ್ರ ಹಾಕಿಸಿಕೊಳ್ಳುವುದು ಮೇಲು. 6 ಮಿ.ಮೀ. ಪ್ಲಾಸ್ಟಿಕ್ ಪ್ಲಗ್ಗಿಗೆ 6 ಮಿ.ಮೀ. ತೂತು, ಪ್ಲಗ್ಗಿಗಿಂತ ಅರ್ಧ ಸೆಂಟಿಮೀಟರಾದರೂ ಹೆಚ್ಚು ಆಳ, ಪ್ಲಗ್ ಹಾಕುವ ಮೊದಲು ಧೂಳು ಊದಿ ತೆಗೆಯುವುದು. ಇಷ್ಟಾದ ಮೇಲೆ 8 ನಂಬರ್ ಸ್ಕ್ರೂ ಇಳಿಸಲು ನಿಮ್ಮ ಯಂತ್ರ ಧಾರಾಳ ಸಾಕು.

ಲಕ್ಷ್ಮೀಪುರಂ, ಚಾಮರಾಜಪುರಂ ಕಡೆಯ ಹಳೇ ಮನೆಗಳ ಗಾರೆ ಗೋಡೆಯಲ್ಲಿ ಚಿಕ್ಕ ಪ್ಲಗ್ ಗಾರೆಯೊಳಗೇ ಉಳಿದು ಸ್ಕ್ರೂವಿನ ಜೊತೆ ತಿರುಗುತ್ತದೆ. ಅಂಥ ಕಡೆ 8 ಮಿ.ಮೀ. ದಪ್ಪದ, ಎರಡು ಇಂಚು ಉದ್ದದ ಪ್ಲಗ್ ಬೇಕು, ಗಾರೆ ದಾಟಿ ಇಟ್ಟಿಗೆಗೆ ಹೋಗಿ ಕೂರಬೇಕು, ಎರಡು ಇಟ್ಟಿಗೆಯ ಸಂದಿಗಲ್ಲ. ಕೊರೆಯುವಾಗ ಬರುವ ಧೂಳು ಬೆಳ್ಳಗಿದ್ದರೆ ಇನ್ನೂ ಗಾರೆಯಲ್ಲೇ ಇದ್ದೀರಿ, ಕೆಂಪಗಾದರೆ ಇಟ್ಟಿಗೆ ಸಿಕ್ಕಿದೆ. ಸ್ವಿಚ್ ಬೋರ್ಡಿನ ನೇರ ಮೇಲಕ್ಕೆ, ನೇರ ಕೆಳಕ್ಕೆ ಎಲ್ಲೂ ಕೊರೆಸಬೇಡಿ. ವೈರಿನ ಪೈಪು ಆ ಗೆರೆಯಲ್ಲೇ ಹೋಗಿರುತ್ತದೆ.

ದಸರಾಗೆ ಗೊಂಬೆ ಮೆಟ್ಟಿಲು ಕಟ್ಟುವವರಾದರೆ ಈ ಯಂತ್ರ ಅಲ್ಲೂ ಒದಗುತ್ತದೆ. ತೂತು ತೂತಿನ ಕಬ್ಬಿಣದ ಆ್ಯಂಗಲ್ ಜೋಡಿಸುವಾಗ ಬೋಲ್ಟು 6 ಮಿ.ಮೀ.ನದಾದರೆ 10ರ, 8 ಮಿ.ಮೀ.ನದಾದರೆ 13ರ ಸಾಕೆಟ್ ತನ್ನಿ, ಆರು ಮೂಲೆ ಬುಡದ್ದು. ನಟ್ಟನ್ನು ಓಡಿಸಿ ಕೊನೆವರೆಗೆ ತರುವುದು ಯಂತ್ರ, ಬಿಗಿ ಮಾಡುವುದು ಸ್ಪ್ಯಾನರ್. 8 ಮಿ.ಮೀ. ಬೋಲ್ಟಿಗೆ 5 ನ್ಯೂಟನ್ ಮೀಟರ್ ಸಾಲದು, ಯಂತ್ರ ನಿಂತಿತೆಂದು ಬಿಟ್ಟರೆ ಮೆಟ್ಟಿಲು ಅಲುಗಾಡುತ್ತದೆ.

ಬ್ಯಾಟರಿ

ಒಳಗಿರುವುದು ಸಾಮಾನ್ಯವಾಗಿ ಒಂದೇ ಲಿಥಿಯಂ ಅಯಾನ್ ಸೆಲ್. ಬಾಷ್ ಕಂಪನಿಯ ಇಕ್ಸೋ 2003ರಲ್ಲಿ ಇಂಥ ಸೆಲ್ ಹಾಕಿಕೊಂಡು ಬರುವ ಮೊದಲು ಇದ್ದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳು ಡ್ರಾಯರಿನಲ್ಲಿ ಇಟ್ಟಲ್ಲೇ ಇಳಿದುಹೋಗುತ್ತಿದ್ದವು. ಲಿಥಿಯಂ ಅಯಾನ್ ತಿಂಗಳುಗಟ್ಟಲೆ ಚಾರ್ಜ್ ಹಿಡಿದಿಡುತ್ತದೆ, ಆದರೆ ಪೂರ್ತಿ ಖಾಲಿಯಾಗಿ ಮಲಗಿದರೆ ಹಾಳಾಗುತ್ತದೆ. ಅರ್ಧ ಚಾರ್ಜಿನಲ್ಲಿ ಎತ್ತಿಡಿ, ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಿ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನೊಳಗೆ, ಶೀಟಿನ ಮಾಡಿನ ಕೆಳಗೆ ಬಿಡಬೇಡಿ. ಕೆಲಸ ಮಾಡಿ ಬಿಸಿಯಾಗಿರುವಾಗಲೇ ಚಾರ್ಜಿಗೆ ಹಾಕುವುದೂ ಬೇಡ. ಟೈಪ್-ಸಿ ಪಿನ್ ಇದ್ದೂ ಮೊಬೈಲಿನ ಹೊಸ ಚಾರ್ಜರಿನಲ್ಲಿ ಚಾರ್ಜ್ ಆಗದಿದ್ದರೆ ಗಾಬರಿ ಬೇಡ. ಎರಡೂ ತುದಿ ಟೈಪ್-ಸಿ ಇರುವ ಕೇಬಲನ್ನು ಕೆಲವು ಯಂತ್ರಗಳು ಗುರುತಿಸುವುದಿಲ್ಲ. ಒಂದು ತುದಿ ಹಳೇ ಅಗಲದ ಯುಎಸ್‌ಬಿ ಇರುವ ಕೇಬಲ್ ಹಾಕಿ ನೋಡಿ. ಬ್ಯಾಟರಿ ಸತ್ತ ಮೇಲೆ ಯಂತ್ರವನ್ನು ನಗರಪಾಲಿಕೆಯ ಒಣ ಕಸಕ್ಕೆ ಹಾಕಬೇಡಿ, ಕಸದ ಗಾಡಿಯಲ್ಲಿ ಸೆಲ್ ಜಜ್ಜಿದರೆ ಹೊತ್ತಿಕೊಳ್ಳುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದು, ಅವರ ಸರ್ವೀಸ್ ಸೆಂಟರಿಗೆ ಕೊಡಿ.

12 ವೋಲ್ಟಿನದು ಬೇಕಾಗುವುದು ಮರಕ್ಕೆ 6 ಮಿ.ಮೀ.ಗಿಂತ ದಪ್ಪ ತೂತು ಕೊರೆಯುವಾಗ, ಎರಡು ಇಂಚಿನ ಸ್ಕ್ರೂಗಳನ್ನು ಡಜನ್‌ಗಟ್ಟಲೆ ಹಾಕುವಾಗ, ಮಂಚ-ಕಪಾಟು ನೀವೇ ಮಾಡುವಾಗ. ಸದ್ಯಕ್ಕೆ ನಿಮಗೆ ಬೇಕಾದ್ದು ಇಷ್ಟು: ಪಿಎಚ್ 2 ಮತ್ತು ಪಿಜ಼ೆಡ್ 2 ಬಿಟ್ ಎರಡೆರಡು, ಪಿಎಚ್ 1 ಒಂದು, ಆಳದ ಸ್ಕ್ರೂಗಳಿಗೆ ನಾಲ್ಕು ಇಂಚು ಉದ್ದದ ಪಿಎಚ್ 2 ಒಂದು, ಆರು ಮೂಲೆ ಬುಡದ 2, 2.5, 3 ಮಿ.ಮೀ. ಮರದ ಡ್ರಿಲ್ ಬಿಟ್, ಒಂದು ಮೇಣದಬತ್ತಿ. ಹಾರ್ಡ್‌ವೇರ್ ಅಂಗಡಿಗೆ ಹೋಗುವಾಗ ಬಾಗಿಲಿನಿಂದ ತೆಗೆದ ಒಂದು ಒಳ್ಳೆಯ ಸ್ಕ್ರೂ ಜೊತೆಗಿರಲಿ. ಬರೀ 'ಒಂದೂವರೆ ಇಂಚು' ಎಂದರೆ 6 ನಂಬರಿನದೂ ಕೊಟ್ಟಾರು, 10ರದೂ ಕೊಟ್ಟಾರು. '8 ನಂಬರ್ ಒಂದೂವರೆ ಇಂಚು, ತಲೆ ಹಿಂಜಿನೊಳಗೆ ಸಮವಾಗಿ ಕೂರುವಂಥದ್ದು, 304 ಸ್ಟೇನ್‌ಲೆಸ್' ಎಂದು ಕೇಳಿ.